ಯುವ ಘಟಕದಲ್ಲಿ ನಾವು ಹಿಡಿದ ಕೆಲಸ: ಮತದಾರರ ಪಟ್ಟಿ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಒಂದು ಪಕ್ಷದ ಯುವ ಘಟಕದಲ್ಲಿ ನಾನು ಕೆಲಸ ಮಾಡಿದೆ. ಹೊಸದರಲ್ಲಿ ನಮಗೆ ಸಿಗುತ್ತಿದ್ದದ್ದು ಬೈಕ್ ರ‍್ಯಾಲಿ, ಬ್ಯಾನರ್ ಕಟ್ಟುವುದು, ನಾಯಕರು ಬಂದರೆ ಹಾರ ತರುವುದು. ಅದೂ ಬೇಕು. ಆದರೆ ಹಾರ ತಂದವನ ಮಾತು ಟಿಕೆಟ್ ಹಂಚುವಾಗ ಯಾರೂ ಕೇಳುವುದಿಲ್ಲ. ಬೂತ್ ಗೊತ್ತಿರುವವನನ್ನು ಕರೆದು ಕೇಳುತ್ತಾರೆ. ಅದಕ್ಕೇ ನಾವು ಮತದಾರರ ಪಟ್ಟಿ ಹಿಡಿದೆವು.

ಪಟ್ಟಿಯ ಪ್ರಿಂಟ್ ತೆಗೆದುಕೊಂಡು ಓಣಿ ಓಣಿ ತಿರುಗುತ್ತಿದ್ದೆವು. ಮನೆ ಮುಂದೆ ನಿಂತು ಹೆಸರು ಓದುವುದು. ಯಾರು ತೀರಿಕೊಂಡರು, ಯಾರು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದರು, ಪಕ್ಕದಲ್ಲೇ ಬರೆದುಕೊಳ್ಳುವುದು. ಹೆಸರು ಇಲ್ಲದವರಿಗೆ ನಮೂನೆ 6, ಅಂದರೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ತುಂಬಿಸುವುದು. ಮೊದಲು ಜನವರಿ 1ಕ್ಕೆ 18 ವರ್ಷ ತುಂಬಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ. 17 ತುಂಬಿದವರೂ ಮುಂಚೆಯೇ ಅರ್ಜಿ ಕೊಡಬಹುದು. ಪಿಯುಸಿ ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ.

ಜಾಸ್ತಿ ಕಷ್ಟವಾಗಿದ್ದು ಹುಡುಗಿಯರ ಹೆಸರು ಸೇರಿಸುವುದು. "ನಾಳೆ ಲಗ್ನ ಮಾಡಿ ಕೊಡ್ತೀವ್ರಿ, ಇಲ್ಲಿ ಯಾಕ ಹೆಸರು?" ಅನ್ನುತ್ತಿದ್ದರು. "ಕಾಕಾ, ಲಗ್ನ ಆದ ಮ್ಯಾಲೆ ನಮೂನೆ 8 ತುಂಬಿದ್ರ ಹೆಸರು ಆ ಊರಿಗೆ ಹೋಗ್ತದ" ಎಂದು ಹೇಳಿದರೂ ನಂಬಿಕೆ ಬರುತ್ತಿರಲಿಲ್ಲ. ನಮ್ಮ ಜೊತೆ ಪದವಿ ಓದುತ್ತಿದ್ದ ಇಬ್ಬರು ಹುಡುಗಿಯರು ಸೇರಿದ ಮೇಲೆ ಅಡುಗೆಮನೆ ತನಕ ಮಾತು ಹೋಯಿತು. ತಾಯಂದಿರೇ ಆಧಾರ್ ಕಾರ್ಡ್ ಹುಡುಕಿ ಕೊಟ್ಟರು. ಯುವ ಘಟಕ ಅಂದರೆ ಬರೀ ಹುಡುಗರು ಅನ್ನುವ ರೂಢಿ ಪಕ್ಷಕ್ಕೇ ನಷ್ಟ, ಅಲ್ವಾ?

ಸೇರಿಸಿದಷ್ಟೇ ಮುಖ್ಯ, ಇದ್ದ ಹೆಸರು ಕಾಯುವುದು. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ನಮ್ಮ ಆಳಂದ ಕ್ಷೇತ್ರದಲ್ಲೇ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಯಾವ ಪಕ್ಷದವರೇ ಆಗಲಿ, ಪ್ರತಿ ಬೂತಿನಲ್ಲೂ ಮನೆ ಮನೆ ಗೊತ್ತಿರುವ ಒಬ್ಬ ಹುಡುಗ, ಒಬ್ಬ ಹುಡುಗಿ ಇದ್ದರೆ ಇಂಥದ್ದು ಬೇಗ ಗೊತ್ತಾಗುತ್ತದೆ.

ಈ ತಿರುಗಾಟದಿಂದ ಇನ್ನೊಂದು ಲಾಭವಾಯಿತು. ಶಾಸಕರಾಗಲು 25 ವರ್ಷ ಬೇಕು, ಗ್ರಾಮ ಪಂಚಾಯಿತಿಗೆ 21 ಸಾಕು. ಅಲ್ಲಿ ಪಕ್ಷದ ಚಿಹ್ನೆಯೂ ಇರುವುದಿಲ್ಲ. ನಿಂತವರ ಮುಖ ಓಣಿಗೆ ಗೊತ್ತಿರಬೇಕು. ಪಟ್ಟಿ ಹಿಡಿದು ತಿರುಗಿದವರ ಮುಖ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಪಂಚಾಯಿತಿ ಚುನಾವಣೆಗೆ ನಿಲ್ಲಲು ನಾವು ಸೂಚಿಸಿದ್ದು ಅವರಲ್ಲೇ ಕೆಲವರ ಹೆಸರು.