ಅವ್ವ ದವಾಖಾನಿ ಅಂದ ನಮ್ಮ ಹಾಲ್

ಎರಡು ವರ್ಷದ ಹಿಂದೆ ಅವ್ವ ಬಾಗಲಕೋಟೆಯಿಂದ ರಾತ್ರಿ ಬಸ್ಸಿಗೆ ಬಂದಿದ್ದಳು. ಬೆಂಗಳೂರಿನ ವಿಜಯನಗರದ ಈ ಬಾಡಿಗೆ ಮನೆಗೆ ನಾವು ಬಂದು ಆಗಿನ್ನೂ ಆರು ತಿಂಗಳು. ಸಂಜೆ ಏಳಕ್ಕೆ ಹಾಲ್‌ನ ಟ್ಯೂಬ್‌ಲೈಟ್ ಹಾಕಿದೆ. ಅವ್ವ ಕಣ್ಣು ಕಿರಿದು ಮಾಡಿ ಸುತ್ತ ನೋಡಿದಳು. “ಯಾಕಬೇ, ದವಾಖಾನಿ ಇದ್ದಂಗ ಐತಲ್ಲ ನಿಮ್ಮನಿ” ಅಂದಳು. ಅಂದವಳೇ ಎದ್ದು ಹೋಗಿ ಅಡುಗೆಮನೆ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತಳು. ಇದ್ದ ಎಂಟು ದಿನವೂ ಅಲ್ಲೇ ಕೂತಳು.

ನನಗೆ ಸಿಟ್ಟು ಬಂದಿತ್ತು. ಸೋಫಾದ ಕಂತು ಇನ್ನೂ ಕಟ್ಟುತ್ತಿದ್ದೆವು. ಗಾಜಿನ ಟೀಪಾಯಿ ಹೊಸದು. ಇಷ್ಟೆಲ್ಲ ಮಾಡಿದರೂ ದವಾಖಾನಿ ಅಂತಾಳಲ್ಲ ಅಂತ. ಆದರೆ ಅವ್ವ ಊರಿಗೆ ಹೋದ ಮೇಲೆ ಗಮನಿಸಿದೆ. ಆ ಹಾಲ್‌ನಲ್ಲಿ ನಾವೂ ಕೂರುತ್ತಿರಲಿಲ್ಲ! ನಮ್ಮನೆಯವರು ಮೊಬೈಲ್ ಹಿಡಿದು ರೂಮಿನಲ್ಲಿ, ಮಗಳು ಹೋಂವರ್ಕ್ ಹರಡಿಕೊಂಡು ಮಂಚದ ಮೇಲೆ, ನಾನು ಅಡುಗೆಮನೆಯಲ್ಲಿ. ಸೋಫಾದ ಮೇಲೆ ಕೂರುತ್ತಿದ್ದದ್ದು ಇಸ್ತ್ರಿಗೆ ಕಾಯುತ್ತಿದ್ದ ಬಟ್ಟೆ ಮಾತ್ರ.

ಹಾಗಾಗಿ ಮೊದಲು ಏನನ್ನೂ ಕೊಳ್ಳಲಿಲ್ಲ. ಹಾಲಿನ ಲೆಕ್ಕ ಬರೆಯುವ ಡೈರಿಯ ಹಿಂದಿನ ಪುಟದಲ್ಲಿ ಒಂದು ವಾರ ಬರೆದಿಟ್ಟೆ. ಯಾರು, ಎಷ್ಟು ಹೊತ್ತಿಗೆ, ಎಲ್ಲಿ. ತಮಾಷೆ ಅನ್ನಿಸಬಹುದು, ಆದರೆ ನಾನು ಮಾಡಿದ್ದರಲ್ಲಿ ಇದೊಂದೇ ಜಾಣತನ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಬಾಲ್ಕನಿ ಬಾಗಿಲ ಹತ್ತಿರ ಬಿಸಿಲು ಬೀಳುತ್ತೆ, ಇವರು ಅಲ್ಲೇ ನಿಂತು ಕಾಫಿ ಕುಡಿಯುತ್ತಾರೆ. ನಿಂತು, ಯಾಕೆಂದರೆ ಅಲ್ಲಿ ಕೂರೋಕೆ ಏನೂ ಇಲ್ಲ. ಮಗಳು ಮಧ್ಯಾಹ್ನ ದಿವಾನದ ಪಕ್ಕ ನೆಲದ ಮೇಲೆ ಮಲಗುತ್ತಾಳೆ, ಟೈಲ್ಸ್ ತಣ್ಣಗಿರುತ್ತೆ ಅಂತ. ಟಿವಿ ಎದುರಿನ ಸೋಫಾದಲ್ಲಿ ಇಡೀ ವಾರ ಕೂತದ್ದು ಒಬ್ಬರೇ, ಗ್ಯಾಸ್ ಪೈಪ್ ನೋಡೋಕೆ ಬಂದವರು. ನಾವೆಲ್ಲ ಇರೋದು ಬಾಲ್ಕನಿ ಕಡೆ ಮೂಲೆಯಲ್ಲಿ. ನಾನು ಸಿಂಗರಿಸಿದ್ದು ಬಾಗಿಲಿಗೆ ಬಂದವರಿಗೆ ಕಾಣುವ ಮೂಲೆಯನ್ನು.

ಟೀಪಾಯಿ ಮಾರಿದೆ. ಅದರ ಮೂಲೆ ಮಗಳ ಮೊಣಕಾಲಿಗೆ ಎರಡು ಸಲ ತಗುಲಿತ್ತು, ಬೇಜಾರೇನೂ ಆಗಲಿಲ್ಲ. ಶೋಕೇಸ್ ಖಾಲಿ ಮಾಡಿದೆ. ಮದುವೆಗಳಲ್ಲಿ ಕೊಟ್ಟ ಗಾಜಿನ ಗಣಪತಿ ಆರು ಇದ್ದವು, ಒಂದು ಉಳಿಸಿಕೊಂಡೆ. ಚನ್ನಪಟ್ಟಣದ ಬೊಂಬೆಗಳನ್ನು ಮಾತ್ರ ಗಾಜಿನ ಹಿಂದಿನಿಂದ ತೆಗೆದು ಮಗಳ ಕೈಗೆ ಸಿಗುವ ಕೆಳಗಿನ ಶೆಲ್ಫಿನಲ್ಲಿ ಇಟ್ಟೆ. ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚಿ ಮಾಡಿರೋದು, ಆಟ ಆಡಿದರೆ ಏನೂ ಆಗಲ್ಲ. ನೀರು ಹಾಕಿ ತೊಳೆಯಬಾರದು, ಒಣ ಬಟ್ಟೆಯಲ್ಲಿ ಒರೆಸಬೇಕು, ಅಷ್ಟೆ.

ಇನ್ನು ಬೆಳಕಿನ ವಿಷಯ. ಇದರಲ್ಲೇ ನಾನು ಜಾಸ್ತಿ ಕಲಿತದ್ದು.

ಎಲ್‌ಇಡಿ ಬಲ್ಬಿನ ಡಬ್ಬಿ ಮೇಲೆ ವಾಟ್ ಅಂತ ಒಂದು ಸಂಖ್ಯೆ ಇರುತ್ತೆ, ಅದು ಎಲ್ಲರೂ ನೋಡೋದೇ. ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಇರುತ್ತೆ. 6500 ಕೆ, 4000 ಕೆ, 3000 ಕೆ, 2700 ಕೆ ಹೀಗೆ. ಕೆ ಅಂದರೆ ಕೆಲ್ವಿನ್. ಅದು ಬೆಳಕಿನ ಬಣ್ಣ ಹೇಳುತ್ತೆ. ಸಂಖ್ಯೆ ದೊಡ್ಡದಾದಷ್ಟು ಬೆಳಕು ನೀಲಿ ಬಿಳುಪು, ಚಿಕ್ಕದಾದಷ್ಟು ಹಳದಿ. ನಮ್ಮ ಕಡೆ ಅಂಗಡಿಯಲ್ಲಿ ಸುಮ್ನೆ “ಬಲ್ಬ್ ಕೊಡಿ” ಅಂದರೆ ಕೊಡೋದು ಸಾಮಾನ್ಯವಾಗಿ 6500. ನಡುಮಧ್ಯಾಹ್ನದ ಬೆಳಕಿನ ಬಣ್ಣ ಅದು. ರಾತ್ರಿ ಎಂಟು ಗಂಟೆಗೆ ತಲೆ ಮೇಲೆ ನಡುಮಧ್ಯಾಹ್ನ ಇಟ್ಟುಕೊಂಡು ಕೂತರೆ ಕಣ್ಣಿಗೆ, ನಿದ್ದೆಗೆ ಎರಡಕ್ಕೂ ಹಿತ ಅಲ್ಲ. ಅವ್ವನಿಗೆ ಕೆಲ್ವಿನ್ ಗೊತ್ತಿಲ್ಲ, ದವಾಖಾನಿ ಗೊತ್ತಿತ್ತು.

2700ರದ್ದು ಕೇಳಿದಾಗ ಅಂಗಡಿಯವರು, “ಮೇಡಂ, ಅದು ಹಳದಿ ಬರುತ್ತೆ, ಆಮೇಲೆ ವಾಪಸ್ ತರಬೇಡಿ” ಅಂದರು. 9 ವಾಟಿನದು ಒಂದು, 5 ವಾಟಿನದು ಎರಡು ತಂದೆ. ಮೊದಲ ದಿನ ಟ್ಯೂಬ್‌ಲೈಟ್ ಆರಿಸಿ 9 ವಾಟಿನ ಬಲ್ಬನ್ನು ಅದೇ ಗೋಡೆಯ ಹೋಲ್ಡರಿಗೆ ಹಾಕಿದೆ. ಅಂಗಡಿಯವರು ಹೇಳಿದ್ದೇ ಸರಿ ಅನ್ನಿಸಿತು. ಮಂಕು. ಹಳೇ ಬಸ್ ಸ್ಟ್ಯಾಂಡಿನ ಹಾಗೆ. ಬಲ್ಬ್ ಬದಲಾಯಿಸಿದರೆ ಸಾಲದು, ಬೆಳಕು ಇರುವ ಜಾಗವನ್ನೇ ಬದಲಾಯಿಸಬೇಕು ಅಂತ ಗೊತ್ತಾಗೋಕೆ ಇನ್ನೆರಡು ವಾರ ಬೇಕಾಯ್ತು. ಎತ್ತರದಲ್ಲಿ ಒಂದೇ ದೀಪ ಉರಿದರೆ ನೆರಳೆಲ್ಲ ಮುಖದ ಮೇಲೆ ಬೀಳುತ್ತೆ. ಕೂತವರ ಪಕ್ಕ, ಕೆಳಗೆ, ಎರಡು ಮೂರು ಕಡೆ ಚಿಕ್ಕ ಚಿಕ್ಕದಾಗಿ ಉರಿದರೆ ಅದೇ ಹಳದಿ ಬೆಚ್ಚಗೆ ಕಾಣುತ್ತೆ.

ನಮ್ಮದು ಹಳೇ ಮನೆ. ದಿವಾನದ ತಲೆಯ ಕಡೆ, ಮೇಲೆ ಸೂರಿನಲ್ಲಿ ತೊಟ್ಟಿಲು ಕಟ್ಟೋಕೆ ಅಂತ ಒಂದು ಕಬ್ಬಿಣದ ಕೊಂಡಿ ಇತ್ತು. ಅದು ಕಣ್ಣಿಗೆ ಬಿದ್ದದ್ದೇ ನನ್ನ ಅದೃಷ್ಟ. ಶಿವಾಜಿನಗರದ ಬಂಬೂ ಬಜಾರಿಗೆ ಹೋಗಿ ಒಂದು ಬಿದಿರಿನ ಬುಟ್ಟಿ ತಂದೆ, ₹180. ತಳದಲ್ಲಿ ತೂತು ಮಾಡಿ, ಬೋರಲು ಹಾಕಿ, ವೈರು ಇಳಿಬಿಟ್ಟು, ಒಳಗೆ 5 ವಾಟಿನ ಬಲ್ಬ್. ವೈರು, ಹೋಲ್ಡರು, ಮಧ್ಯದಲ್ಲಿ ಒಂದು ಸ್ವಿಚ್ಚು ಇವನ್ನೆಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿದೆ. ಕರೆಂಟಿನ ಕೆಲಸದಲ್ಲಿ ನನ್ನ ಕಲೆ ತೋರಿಸೋಕೆ ಹೋಗಲಿಲ್ಲ. ಎಲ್‌ಇಡಿ ಹಳೇ ಬಲ್ಬಿನಷ್ಟು ಬಿಸಿ ಆಗಲ್ಲ ನಿಜ, ಆದರೂ ಅದರ ಬುಡ ಬಿಸಿಯಾಗುತ್ತೆ. ಅದಕ್ಕೇ ಒತ್ತಾಗಿ ಹೆಣೆದ ಬುಟ್ಟಿ ಬೇಡ, ಗಾಳಿ ಆಡುವ ಹಾಗೆ ಬಿಡಿಬಿಡಿಯಾಗಿ ಹೆಣೆದದ್ದು ಬೇಕು.

ಮೊದಲು ಐದೂವರೆ ಅಡಿ ಎತ್ತರಕ್ಕೆ ಕಟ್ಟಿದೆವು. ದಿವಾನದಲ್ಲಿ ಕೂತು ತಲೆ ಎತ್ತಿದರೆ ಬಲ್ಬ್ ಸೀದಾ ಕಣ್ಣಿಗೆ ಚುಚ್ಚುತ್ತಿತ್ತು. ಅರ್ಧ ಅಡಿ ಇಳಿಸಿದೆ. ಮತ್ತೆ ಅರ್ಧ ಅಡಿ. ಕೊನೆಗೆ ನೆಲದಿಂದ ನಾಲ್ಕು ಅಡಿಗೆ ಬಂದು ನಿಂತಿತು. ಕೂತವರ ಕಣ್ಣಿಗೂ ಬುಟ್ಟಿಯ ಅಂಚಿಗೂ ಸರಿಸಮ. ಮೂಲೆ ಆದ್ದರಿಂದ ಯಾರ ತಲೆಗೂ ತಗಲೋದಿಲ್ಲ. ಅವತ್ತು ರಾತ್ರಿ ಸ್ವಿಚ್ ಹಾಕಿದಾಗ ಬಿದಿರಿನ ಹೆಣಿಗೆ ಇಡೀ ಗೋಡೆ ಮೇಲೆ ನೆರಳಾಗಿ ಹರಡಿಕೊಂಡಿತು, ಮೀನಿನ ಬಲೆ ಬೀಸಿದ ಹಾಗೆ. ಫ್ಯಾನ್ ಗಾಳಿಗೆ ಬುಟ್ಟಿ ಅಲ್ಲಾಡಿದರೆ ಬಲೆಯೂ ಅಲ್ಲಾಡುತ್ತೆ. ಮಗಳು ಪುಸ್ತಕ ಎತ್ತಿಕೊಂಡು ತಾನಾಗೇ ಹಾಲ್‌ಗೆ ಬಂದದ್ದು ಅವತ್ತೇ.

ಬಿಳಿ ಟ್ಯೂಬ್‌ಲೈಟ್ ತೆಗೆದು ಹಾಕಿಲ್ಲ. ಅಕ್ಕಿ ಆರಿಸೋಕೆ, ಸೂಜಿಗೆ ದಾರ ಪೋಣಿಸೋಕೆ, ಕ್ರಾಫ್ಟ್ ವರ್ಕ್ ಮಾಡೋಕೆ ಅದೇ ಬೇಕು. ಬೇರೆ ಸ್ವಿಚ್ ಇದೆ, ಬೇಕಾದಾಗ ಹಾಕ್ತೀವಿ.

ಈಗ ಒಂದು ಎಡವಟ್ಟಿನ ಕಥೆ. ಬೆಳಕಿನ ಗೆಲುವಿನ ಅಮಲಿನಲ್ಲಿ ಎದುರು ಗೋಡೆಗೆ ಅಂಟಿಸುವ ವಾಲ್‌ಪೇಪರ್ ತರಿಸಿದೆ. ಇಟ್ಟಿಗೆ ಡಿಸೈನು. ₹1,800. ಅಂಟಿಸಿದ ದಿನ ಸೆಲ್ಫಿ ಎಲ್ಲ ಆಯ್ತು. ಜುಲೈ ಮಳೆ ಹಿಡಿಯಿತು ನೋಡಿ, ಇಟ್ಟಿಗೆಗಳು ಪೂರಿ ಥರ ಉಬ್ಬೋಕೆ ಶುರು. ಒಂದು ಮೂಲೆ ಹಿಡಿದು ಎಳೆದರೆ ಪೇಪರ್ ಜೊತೆ ಪೇಂಟೂ ಬಂತು, ಪುಟ್ಟಿಯೂ ಬಂತು, ಹಿಂದೆ ಕಪ್ಪು ಬೂಷ್ಟು. ಆ ಗೋಡೆಯ ಆಚೆ ಬದಿ ಬಚ್ಚಲುಮನೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ತೇವ ಗೋಡೆಯಲ್ಲಿ ಮೊದಲೇ ಇತ್ತು, ಆಚೆ ಬರುವ ದಾರಿಯನ್ನು ನಾನು ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚಿದ್ದೆ. ಓನರ್ ಆಂಟಿಗೆ ಹೇಳಿ ಬೈಸಿಕೊಂಡು, ನಮ್ಮ ದುಡ್ಡಲ್ಲೇ ಗೋಡೆ ಕೆರೆಸಿ ಪೇಂಟ್ ಮಾಡಿಸಿದೆವು. ಪೇಂಟ್ ಮಾಡೋಕೆ ಬಂದವರು ಒಂದು ಉಪಾಯ ಹೇಳಿಕೊಟ್ಟರು. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಒಳಗೆ ಗೋಡೆ ಕಡೆ ನೀರಿನ ಹನಿ ಕೂತಿದ್ದರೆ ಗೋಡೆಯಲ್ಲಿ ತೇವ ಇದೆ ಅಂತ. ಆ ಗೋಡೆ ಈಗಲೂ ಬೋಳಾಗಿದೆ, ಸೋಫಾವನ್ನು ಕೂಡ ಅದರಿಂದ ನಾಲ್ಕು ಇಂಚು ದೂರ ಇಟ್ಟಿದ್ದೇನೆ.

ಪರದೆಗೆ ಕಿಟಕಿ ಅಳತೆ ತೆಗೆದುಕೊಂಡು ರೇಟು ಕೇಳಿದ್ದೆ, ಎದೆ ಧಸಕ್ ಅಂದಿತ್ತು. ಆಮೇಲೆ ಲೆಕ್ಕ ಹಾಕಿದೆ. ಒಂದು ಕಾಟನ್ ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 46 ಇಂಚು ಅಗಲ. ನಮ್ಮ ಕಿಟಕಿ ನಾಲ್ಕು ಅಡಿ, ಅಂದರೆ 48 ಇಂಚು. ಪರದೆ ಬಟ್ಟೆ ಕಿಟಕಿಯ ಎರಡರಷ್ಟು ಅಗಲ ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತೆ. ಸೀರೆಯನ್ನು ಎರಡು ತುಂಡು ಮಾಡಿದರೆ 92 ಇಂಚು, ಹೆಚ್ಚುಕಮ್ಮಿ ಎರಡರಷ್ಟೇ. ಸಾಕು! ಒಂದೊಂದು ತುಂಡು ಏಳು ಅಡಿ ಎತ್ತರ, ಮೇಲೆ ಕೆಳಗೆ ಮಡಿಕೆ ಸೇರಿ 2.4 ಮೀಟರ್. ಮಿಕ್ಕ ಬಟ್ಟೆಯಲ್ಲಿ ಒಂದು ದಿಂಬಿನ ಕವರ್. ಸೀರೆಯ ಉದ್ದವೇ ಪರದೆಯ ಎತ್ತರ ಆಗೋದರಿಂದ ಅಂಚು ಎರಡೂ ಬದಿಯಲ್ಲಿ ನೆಟ್ಟಗೆ ಇಳಿಯುತ್ತೆ. ಬೇರೆ ಅಲಂಕಾರವೇ ಬೇಡ. ಟೇಲರ್ ಅಣ್ಣ “ಒಳ್ಳೇ ಸೀರೆ ಕತ್ತರಿಸ್ತೀರಲ್ಲಮ್ಮ” ಅಂತ ಗೊಣಗುತ್ತಲೇ ಹೊಲಿದುಕೊಟ್ಟರು. ಹಿಂದೆ ಬಿಳಿ ಲೈನಿಂಗ್ ಕೊಡಿಸಿ, ಇಲ್ಲದಿದ್ದರೆ ಬಿಸಿಲಿಗೆ ಬಣ್ಣ ಹೋಗಿ ಹಳೇ ನೂಲು ಪಿಸಿಯುತ್ತೆ. ರಾಡನ್ನು ಕಿಟಕಿಗಿಂತ ಅರ್ಧ ಅಡಿ ಮೇಲೆ ಹಾಕಿಸಿದೆ, ಸೂರು ಎತ್ತರ ಕಾಣುತ್ತೆ. ಕೆಳಗೆ ನೆಲದಿಂದ ಎರಡು ಇಂಚು ಬಿಟ್ಟಿದ್ದೇನೆ. ಫೋಟೋಗಳಲ್ಲಿ ಪರದೆ ನೆಲಕ್ಕೆ ಹರಡಿಕೊಂಡಿರುತ್ತೆ, ಆ ಮನೆಗಳಲ್ಲಿ ದಿನಾ ನೆಲ ಒರೆಸಲ್ವಾ ಅಂತ ನನ್ನ ಅನುಮಾನ.

ದಿವಾನದ ಮೇಲೆ ಅವ್ವನ ಕೌದಿ ಹಾಸಿದೆ. ಮದುವೆಯಲ್ಲಿ ಕೊಟ್ಟಿದ್ದು, ಇಷ್ಟು ವರ್ಷ ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ನೋಡಿದವರು ಹಳೇ ಬಟ್ಟೆ ಅಂದುಕೊಳ್ಳುತ್ತಾರೇನೋ ಅಂತ ನಾಚಿಕೆ ನನಗೆ. ಹಳೇ ಬಟ್ಟೆಯೇ ಅದು. ಅವ್ವನ, ದೊಡ್ಡವ್ವನ ಇಳಕಲ್ ಸೀರೆಗಳು. ಒಂದು ಕಡೆ ಟೋಪ ತೆನಿ ಸೆರಗಿನ ಕೆಂಪು ತುಂಡು ಹಾಗೇ ಇದೆ, ಬಿಳಿ ತೆನೆಗಳ ಸಮೇತ. ಪದರ ಪದರ ಹಾಸಿ ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹಾಕಿದ ಹೊಲಿಗೆ. ಒಂದು ಮೂಲೆಯಲ್ಲಿ ಹೊಲಿಗೆ ಚಿಕ್ಕದು, ಸಾಲು ನೇರ. ಅದು ದೊಡ್ಡವ್ವನದು. ಇನ್ನೊಂದು ಕಡೆ ಉದ್ದ ಉದ್ದ, ಸೊಟ್ಟ. ಅದು ಅವ್ವನದು, ಅವಳಿಗೆ ತಾಳ್ಮೆ ಕಮ್ಮಿ. ಅಂಗಡಿಯ ಬೆಡ್‌ಶೀಟ್ ದಿವಾನದ ಮೇಲೆ ಜಾರುತ್ತಿತ್ತು, ದಿನಕ್ಕೆ ನಾಲ್ಕು ಸಲ ಎಳೆಯಬೇಕಿತ್ತು. ಕೌದಿ ತನ್ನ ಭಾರಕ್ಕೇ ಅಲ್ಲಾಡಲ್ಲ. ಒಗೆಯೋದೊಂದು ಕಷ್ಟ. ನೆನೆದರೆ ಹಿಂಡೋಕೆ ಇಬ್ಬರು ಬೇಕು, ವಾಷಿಂಗ್ ಮೆಷಿನ್ ಆಸೆ ಬಿಡಿ. ಬೇಸಿಗೆಯಲ್ಲಿ ವರ್ಷಕ್ಕೊಮ್ಮೆ ಟೆರೇಸ್ ಮೇಲೆ ಒಗೆದು ಹಾಕ್ತೀವಿ, ಮಿಕ್ಕಂತೆ ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿದರೆ ಆಯ್ತು.

ಗೋಡೆಗೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಉಡಿ ತುಂಬಿದಾಗ ಬಂದ ತುಂಡುಗಳು ಬೀರುವಿನಲ್ಲಿ ರಾಶಿ ಇದ್ದವು. ಮೂರನ್ನು ಫ್ರೇಮ್ ಹಾಕಿಸಿದೆ, ಒಂದು ತೇರಿನ ಚಿತ್ತಾರದ್ದು. ಫ್ರೇಮಿನ ನಡುಭಾಗ ನೆಲದಿಂದ ಐದು ಅಡಿಗೆ ಇರಬೇಕು ಅಂತಾರೆ. ಅದು ನಿಂತು ನೋಡುವವರ ಲೆಕ್ಕ. ನಾವು ದಿವಾನದಲ್ಲಿ, ನೆಲದಲ್ಲಿ ಕೂರುವವರು. ನಾನು ಮೂರೂವರೆ ಅಡಿಗೆ ಹಾಕಿದೆ. ಹೊಸ ಮೊಳೆ ಹೊಡೆಯೋಕೆ ಓನರ್ ಬಿಡಲ್ಲ, ಅದಕ್ಕೇ ಮೇಲಿನ ಹಳೇ ಕ್ಯಾಲೆಂಡರ್ ಮೊಳೆಗಳಿಂದ ದಾರ ಇಳಿಬಿಟ್ಟು ತೂಗುಹಾಕಿದ್ದೇನೆ. ದಾರ ಕಾಣುತ್ತೆ. ಕಾಣಲಿ ಬಿಡಿ.

ಗಿಡದಲ್ಲಿ ನನ್ನ ಕೈಗುಣ ಸರಿಯಿಲ್ಲ. ಮನೆ ಒಳಗೆ ತುಳಸಿ ಇಟ್ಟು ಎರಡು ಸಲ ಒಣಗಿಸಿದೆ, ಅದಕ್ಕೆ ನೇರ ಬಿಸಿಲು ಬೇಕು. ಈಗ ಬಾಲ್ಕನಿಯಲ್ಲಿ ತುಳಸಿ, ದೊಡ್ಡಪತ್ರೆ. ಒಳಗೆ ಉಪ್ಪಿನಕಾಯಿ ಬಾಟಲಿಗಳಲ್ಲಿ ಮನಿ ಪ್ಲಾಂಟ್ ಮಾತ್ರ. ಪ್ರತಿ ಭಾನುವಾರ ನೀರು ಬದಲಾಯಿಸಿ ಬಾಟಲಿ ಉಜ್ಜಿ ತೊಳೆಯುತ್ತೇನೆ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮರಿ ಮಾಡೋಕೆ ಒಂದು ವಾರ ಸಾಕು.

ಬಾಲ್ಕನಿ ಬಾಗಿಲಿಗೆ ಎರಡು ಬೆತ್ತದ ಮೋಡಾ ಸ್ಟೂಲು ತಂದಿಟ್ಟೆ. ಇವರು ಈಗ ಕೂತು ಕಾಫಿ ಕುಡಿಯುತ್ತಾರೆ. ವಾಲ್‌ಪೇಪರ್ ದಂಡ ಬಿಟ್ಟರೆ ಎಲ್ಲ ಸೇರಿ ₹6,000 ಒಳಗೇ ಮುಗಿಯಿತು. ಟೀಪಾಯಿ ಮಾರಿದ ದುಡ್ಡು ಅದರಲ್ಲೇ ಸೇರಿಕೊಂಡಿತು.

ಹೋದ ಡಿಸೆಂಬರಿನಲ್ಲಿ ಅವ್ವ ಮತ್ತೆ ಬಂದಳು. ಅವರೆಕಾಯಿ ಕಾಲ. ಬೆಂಗಳೂರಿನವರು ಅವರೆಗೆ ಇಷ್ಟು ಸಾಯ್ತಾರಲ್ಲ ಅಂತ ಅವಳಿಗೆ ಯಾವಾಗಲೂ ಸೋಜಿಗ. ಸಂಜೆ ಮೂರು ಕೆಜಿ ತಂದು ಅಡುಗೆಮನೆಯಲ್ಲಿ ಇಟ್ಟೆ. ಅವ್ವ ಚೀಲ ಎತ್ತಿಕೊಂಡು ಹಾಲ್‌ಗೆ ಬಂದು, ಕೌದಿ ಮೇಲೆ ಕಾಲು ಮಡಚಿ ಕೂತು, ಮೊಮ್ಮಗಳನ್ನು ಪಕ್ಕಕ್ಕೆ ಕರೆದು ಬಿಡಿಸೋಕೆ ಶುರು ಮಾಡಿದಳು. ಸೊಗಡಿನ ವಾಸನೆ ಹಾಲ್ ತುಂಬ. ನಾನೇನೂ ಮಾತಾಡಲಿಲ್ಲ, ಬುಟ್ಟಿ ದೀಪ ಹಾಕಿದೆ. ಅವ್ವ ತಲೆ ಎತ್ತಿ ಅದನ್ನೇ ಒಂದು ಕ್ಷಣ ನೋಡಿದಳು. ಏನಾದರೂ ಹೇಳ್ತಾಳೆ ಅಂತ ಕಾದೆ.

“ಚಲೋ ಬುಟ್ಟಿ ಒಯ್ದು ಮ್ಯಾಲ ಕಟ್ಟೀರಿ. ಸಿಪ್ಪಿ ಹಾಕಾಕ ಏನರ ಕೊಡಬೇ.”