ನೂರು ತಟ್ಟೆಗೆ ಎಷ್ಟು ಉಪ್ಪು, ಎಷ್ಟು ಎಣ್ಣೆ: ಬಿಸಿಯೂಟದ ಅಡುಗೆಮನೆಯಲ್ಲಿ ನಾವು ಮಾಡಿದ ಲೆಕ್ಕ

ಬಿಸಿಯೂಟದ ಪಟ್ಟಿಯಲ್ಲಿ ಎಲ್ಲಕ್ಕೂ ಅಳತೆಯಿದೆ. 1ರಿಂದ 5ನೇ ತರಗತಿಯ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. 6ರಿಂದ 8ರವರಿಗೆ 150, 30, 75 ಮತ್ತು 7.5. ಉಪ್ಪು, ಸಾಂಬಾರ ಪದಾರ್ಥದ ಮುಂದೆ ಮಾತ್ರ ‘ಅಗತ್ಯವಿದ್ದಷ್ಟು’. ಈ ಅಗತ್ಯ ಎಷ್ಟೆಂದು ಹೇಳುವುದು ಅಡುಗೆಯವರ ಮುಷ್ಟಿ. ಮುಷ್ಟಿ ಒಬ್ಬೊಬ್ಬರದು ಒಂದೊಂದು ಗಾತ್ರ. ನಮ್ಮ ಕೆಲಸ ಶುರುವಾದದ್ದು ಇಲ್ಲಿಂದ.

ಮೊದಲ ವಾರ ಏನನ್ನೂ ಬದಲಿಸಲಿಲ್ಲ, ತೂಗಿದೆವು ಅಷ್ಟೆ. ಬೆಳಿಗ್ಗೆ ಉಪ್ಪಿನ ಡಬ್ಬಿ ತೂಗುವುದು, ಅಡುಗೆ ಮುಗಿದ ಮೇಲೆ ಮತ್ತೆ ತೂಗುವುದು. 100 ಮಕ್ಕಳಿಗೆ ಆಗುವ 20 ಲೀಟರ್ ಸಾಂಬಾರಿಗೆ 260 ಗ್ರಾಂ ಹೋಗುತ್ತಿತ್ತು. ಅಂದರೆ ಲೀಟರಿಗೆ 13 ಗ್ರಾಂ, ಒಂದು ತಟ್ಟೆಗೆ 2.6 ಗ್ರಾಂ. ದೊಡ್ಡವರಿಗೇ ದಿನವಿಡೀ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಅದಕ್ಕೂ ಕಡಿಮೆ, ಅವರು ತಿನ್ನುವ ಆಹಾರಕ್ಕೆ ತಕ್ಕಂತೆ. ಬ್ರಿಟನ್ನಿನವರು 4ರಿಂದ 6 ವರ್ಷಕ್ಕೆ 3 ಗ್ರಾಂ, 7ರಿಂದ 10ಕ್ಕೆ 5 ಗ್ರಾಂ ಎಂದು ಮಿತಿ ಹಾಕಿಕೊಂಡಿದ್ದಾರೆ. ಒಂದನೇ ತರಗತಿಯ ಮಗು ದಿನದ ಪಾಲನ್ನು ಹೆಚ್ಚುಕಡಿಮೆ ಮಧ್ಯಾಹ್ನಕ್ಕೇ ಮುಗಿಸುತ್ತಿತ್ತು.

ತಲೆಗೆ ಇಷ್ಟು ಎಂದು ಉಪ್ಪು ಹಾಕುವುದು ನಾವು ಮಾಡಿದ ಮೊದಲ ತಪ್ಪು. ಅಕ್ಕಿ, ಬೇಳೆಗೆ ಅದು ಸರಿ, ಉಪ್ಪಿಗೆ ಆಗುವುದಿಲ್ಲ. ಬೆಳಿಗ್ಗೆ 160 ಗ್ರಾಂ ಹಾಕಿ, ಒಲೆಯ ಮೇಲೆ ಕುದಿಯುತ್ತಾ 20 ಲೀಟರು 17ಕ್ಕೆ ಇಳಿದರೆ, ಲೀಟರಿಗೆ 8 ಗ್ರಾಂ ಇದ್ದದ್ದು 9.4 ಆಗುತ್ತದೆ. ಬೇಳೆ ಗಟ್ಟಿಯಾಯಿತೆಂದು ಯಾರೋ ಎರಡು ಚೊಂಬು ನೀರು ಹೊಯ್ದರೆ ಸಪ್ಪೆ, ಮತ್ತೆ ಒಂದು ಮುಷ್ಟಿ ಉಪ್ಪು. ಹೀಗಾಗಿ ತಯಾರಾದ ಸಾಂಬಾರಿನ ಲೀಟರ್ ಲೆಕ್ಕ ಹಿಡಿದೆವು. ಇದಕ್ಕೆ ಬೇಕಾದದ್ದು ಒಂದು ಅಳತೆ ಕೋಲು. ಖಾಲಿ ಪಾತ್ರೆಗೆ 5 ಲೀಟರ್ ನೀರು ಹೊಯ್ಯುವುದು, ಸ್ಟೀಲ್ ಪಟ್ಟಿಯನ್ನು ತಳಕ್ಕೆ ತಾಗುವಂತೆ ನಿಲ್ಲಿಸಿ ನೀರು ಮುಟ್ಟಿದಲ್ಲಿ ಗೆರೆ ಕೊರೆಯುವುದು, ಮತ್ತೆ 5 ಲೀಟರ್, ಮತ್ತೊಂದು ಗೆರೆ. ಪಾತ್ರೆ ಬದಲಾದರೆ ಕೋಲೂ ಬದಲಾಗಬೇಕು, ಏಕೆಂದರೆ ಅಗಲದ ಪಾತ್ರೆಯಲ್ಲಿ ಅದೇ ಗೆರೆ ಬೇರೆ ಲೀಟರ್ ಹೇಳುತ್ತದೆ.

ಉಪ್ಪು ಬೀಳುವುದು ಇಳಿಸಲು ಐದು ನಿಮಿಷ ಇರುವಾಗ, ಕೋಲು ಅದ್ದಿ ನೋಡಿದ ಮೇಲೆ. ಅಯೋಡಿನ್ ಉಪ್ಪಿಗೂ ಇದೇ ಒಳ್ಳೆಯದು, ಹೆಚ್ಚು ಹೊತ್ತು ಕುದಿದಷ್ಟೂ ಅಯೋಡಿನ್ ಕಳೆದುಹೋಗುತ್ತದೆ. ಡಬ್ಬಿಗೆ ಬಿಗಿಯಾದ ಮುಚ್ಚಳ ಬೇಕು, ಒಲೆಯ ಪಕ್ಕ ಇಡಬಾರದು. ಸೈಂಧವ ಲವಣ ತಂದರೆ ಸೋಡಿಯಂ ಕಡಿಮೆಯಾಗುತ್ತದೆ ಎಂಬ ಮಾತು ಆಗಾಗ ಬರುತ್ತದೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಮೇಲಾಗಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ.

ಅಳೆಯಲು ಒಂದು ಚಿಕ್ಕ ಲೋಟವನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ 40 ಗ್ರಾಮಿಗೆ ಗೆರೆ ಹಾಕಿದೆವು, 5 ಲೀಟರ್ ಸಾಂಬಾರಿಗೆ ಒಂದು ಲೋಟ ಬರುವಂತೆ. ಕಲ್ಲುಪ್ಪಿಗೆ ಹಾಕಿದ ಗೆರೆಯವರೆಗೆ ಪುಡಿ ಉಪ್ಪು ತುಂಬಿಸಿದರೆ ತೂಕ ಹೆಚ್ಚು, ಸಾಂಬಾರು ಉಪ್ಪಾಗುತ್ತದೆ. ಪ್ಯಾಕೆಟ್ ಬದಲಾದ ದಿನ ಮತ್ತೆ ತೂಗಲೇಬೇಕು.

ಇಳಿಸಿದ ಕ್ರಮ ಹೀಗೆ: ಲೀಟರಿಗೆ 13ರಿಂದ 11.5, ಆಮೇಲೆ 10, 9, ಕೊನೆಗೆ 8. ಒಂದೊಂದು ಮೆಟ್ಟಿಲಿಗೆ ಎರಡು ವಾರ. ಒಂದೇ ಸಲ 8ಕ್ಕೆ ಇಳಿಸಿದರೆ ತಟ್ಟೆಯಲ್ಲಿ ಅನ್ನ ಉಳಿಯುತ್ತದೆ, ಮಕ್ಕಳು ಮನೆಯಿಂದ ಉಪ್ಪಿನಕಾಯಿ ತರುತ್ತಾರೆ. ಉಪ್ಪಿನಕಾಯಿಯ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಉಪ್ಪೇ. ಒಂದು ದೊಡ್ಡ ಚಮಚ, ಅಂದರೆ 15 ಗ್ರಾಂ ಹಾಕಿಕೊಂಡರೆ 1.5 ಗ್ರಾಂ ಬಂತು, ನಾವು ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. 7ಕ್ಕೆ ಇಳಿಸಿ ನೋಡಿದಾಗ ಅನ್ನ ಉಳಿಯತೊಡಗಿತು, 8ಕ್ಕೇ ನಿಂತೆವು. ತಟ್ಟೆಗೆ 1.6 ಗ್ರಾಂ. ಚಿಕ್ಕ ಮಕ್ಕಳು ಸಾಂಬಾರು ಹಾಕಿಸಿಕೊಳ್ಳುವುದೇ ಕಡಿಮೆ, ಅವರಿಗೆ ಅಷ್ಟೂ ಬೀಳುವುದಿಲ್ಲ.

ಅನ್ನಕ್ಕೆ ಉಪ್ಪು ಹಾಕುವ ರೂಢಿಯನ್ನು ಮೊದಲ ದಿನವೇ ಬಿಟ್ಟೆವು, ಯಾರಿಗೂ ಗೊತ್ತಾಗಲಿಲ್ಲ. ಪಲಾವ್, ಚಿತ್ರಾನ್ನದ ದಿನ ಅಕ್ಕಿಯ ಕೆಜಿಗೆ 16 ಗ್ರಾಂ.

ಉಪ್ಪು ಇಳಿದಷ್ಟೂ ಹುಳಿ, ಪರಿಮಳ ಏರಬೇಕು. ಹುಣಸೆರಸ ಸ್ವಲ್ಪ ಮುಂದಾಗಿರಲಿ, ಜೀರಿಗೆ ಹುರಿದು ಅಂದೇ ಕುಟ್ಟಿದ್ದಾಗಲಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆಗೆ ಬೀಳಲಿ, ಕೊತ್ತಂಬರಿ ಸೊಪ್ಪು ಇಳಿಸಿದ ಮೇಲೆ. ಕೊಂಡು ತಂದ ಸಾಂಬಾರ್ ಪುಡಿಯಾದರೆ ಪ್ಯಾಕೆಟ್ಟಿನ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ನೋಡಿ ಎರಡೂವರೆಯಿಂದ ಗುಣಿಸಬೇಕು, ಅದು ಉಪ್ಪಿನ ತೂಕ. 100 ಗ್ರಾಮಿಗೆ 4,000 ಮಿಲಿಗ್ರಾಂ ಎಂದಿದ್ದರೆ 10 ಗ್ರಾಂ ಉಪ್ಪು ಅದರಲ್ಲೇ ಇದೆ, ನಮ್ಮ ಲೋಟದಲ್ಲಿ ಅಷ್ಟು ಕಳೆಯಬೇಕು.

ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಅದರಲ್ಲೂ ಸೋಡಿಯಂ ಇದೆ, ಆದರೆ ಹಾಕುವ ಪ್ರಮಾಣ ಕಡಿಮೆ. ದೊಡ್ಡ ನಷ್ಟ ಬೇಳೆಯ ಬಿ1 ಜೀವಸತ್ವದ್ದು. ತೊಗರಿಬೇಳೆಯನ್ನು ಮುಕ್ಕಾಲು ಗಂಟೆ ನೆನೆಹಾಕಿದರೆ ಸೋಡಾ ಬೇಕಾಗುವುದಿಲ್ಲ.

ರುಚಿ ನೋಡುವವರ ವಿಷಯ ಸೂಕ್ಷ್ಮ. ಬಡಿಸುವ ಮುಂಚೆ ಒಬ್ಬ ಶಿಕ್ಷಕರಾದರೂ ತಿಂದು ನೋಡಬೇಕೆಂಬ ನಿಯಮವಿದೆ. ಆದರೆ ಕುದಿಯುವ ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಉಪ್ಪು ತಿಳಿಯುವುದಿಲ್ಲ. ಬಟ್ಟಲಿಗೆ ಹಾಕಿ, ಆರಿಸಿ, ಅನ್ನದೊಂದಿಗೆ ತಿನ್ನಬೇಕು. ಎಲೆ ಅಡಿಕೆ ಹಾಕುವ ನಾಲಗೆಯನ್ನಂತೂ ಈ ಕೆಲಸಕ್ಕೆ ನಂಬಬೇಡಿ!

ಉಪ್ಪು ಹೆಚ್ಚಾದ ದಿನಕ್ಕೆಂದು ಬೆಂದ ಬೇಳೆ ಎರಡು ಲೀಟರ್ ಉಪ್ಪಿಲ್ಲದೆ ಬದಿಗಿಟ್ಟಿರುತ್ತೇವೆ, ಬೇಡವಾದರೆ ಕೊನೆಯಲ್ಲಿ ಬೆರೆಸಿ ಒಂದು ಕುದಿ ಬರಿಸುವುದು. ಆಲೂಗಡ್ಡೆ ಹಾಕಿದರೆ ಉಪ್ಪು ಎಳೆದುಕೊಳ್ಳುತ್ತದೆ ಎನ್ನುವುದು ನೆಚ್ಚುವ ಉಪಾಯವಲ್ಲ. ಸ್ವಲ್ಪ ಸಾರು ಹೀರುತ್ತದೆ, ಉಳಿದದ್ದು ಅಷ್ಟೇ ಉಪ್ಪಾಗಿರುತ್ತದೆ.

ಎಣ್ಣೆಯ ಮಾತು ಬೇರೆ. ಇಲ್ಲಿ ಕಡಿಮೆ ಮಾಡಲು ನಾವು ಹೋಗಲಿಲ್ಲ. 5 ಗ್ರಾಂ ಎಣ್ಣೆಯಲ್ಲಿ 45 ಕ್ಯಾಲೊರಿ, ಊಟದಿಂದ ಮಗುವಿಗೆ ಸಿಗಬೇಕಾದ 450ರಲ್ಲಿ ಹತ್ತನೇ ಒಂದು ಪಾಲು. ಸೊಪ್ಪು, ಕುಂಬಳ, ಕ್ಯಾರೆಟ್ಟಿನ ಎ ಜೀವಸತ್ವದ ಅಂಶ ಮೈಗೆ ಹತ್ತಲು ಕೊಬ್ಬು ಬೇಕೇ ಬೇಕು. ಸೊರಗಿದ ಮಕ್ಕಳಿರುವ ಶಾಲೆಯಲ್ಲಿ ಎಣ್ಣೆ ಉಳಿಸಿದೆವೆಂದು ಹೆಮ್ಮೆಪಡುವುದು ನನಗೆ ಒಪ್ಪಿಗೆಯಿಲ್ಲ. ನೋಡಬೇಕಾದದ್ದು ಆ 5 ಗ್ರಾಂ ಎಲ್ಲಿ ಬೀಳುತ್ತದೆ ಎಂಬುದನ್ನು.

100 ಮಕ್ಕಳಿಗೆ 500 ಗ್ರಾಂ, ಅಳತೆಯಲ್ಲಿ 550 ಮಿಲಿ. ಒಂದು ಲೀಟರ್ ಪ್ಯಾಕೆಟ್ ತೂಗುವುದು ಸುಮಾರು 910 ಗ್ರಾಂ. ಲೀಟರನ್ನೇ ಕೆಜಿ ಎಂದು ಬರೆದರೆ ತಿಂಗಳ ಕೊನೆಗೆ ದಾಸ್ತಾನು ಪುಸ್ತಕ ತಾಳೆಯಾಗುವುದಿಲ್ಲ. ಇದರಲ್ಲಿ 300 ಮಿಲಿ ಈರುಳ್ಳಿ, ಟೊಮೆಟೊ, ತರಕಾರಿ ಬಾಡಿಸಲು. ಉಳಿದ 250 ಕೊನೆಯ ಒಗ್ಗರಣೆಗೆ. ಎಲ್ಲವನ್ನೂ ಮೊದಲೇ ಸುರಿದರೆ ಘಮ ಆವಿಯಾಗಿ ಹೋಗುತ್ತದೆ, ಸಪ್ಪೆಯೆನಿಸಿ ಉಪ್ಪಿನ ಡಬ್ಬಿಗೆ ಕೈ ಹೋಗುತ್ತದೆ. ಒಗ್ಗರಣೆ ಬಿದ್ದ ಕೂಡಲೇ ಅಡಿಯಿಂದ ತಿರುವಬೇಕು, ಇಲ್ಲದಿದ್ದರೆ ಮೇಲೆ ತೇಲುವ ಎಣ್ಣೆಯೆಲ್ಲ ಮೊದಲ ಇಪ್ಪತ್ತು ಮಕ್ಕಳ ತಟ್ಟೆಗೆ.

ಪೂರಿ, ವಡೆ ಕರಿಯುವುದು ವಿಶೇಷ ದಿನಗಳಲ್ಲಿ ಮಾತ್ರ. ಆ ದಿನ ಬಾಣಲೆಗೆ ಸುರಿದದ್ದನ್ನೂ ಉಳಿದದ್ದನ್ನೂ ತೂಗಿ: 3 ಕೆಜಿ ಹಾಕಿ 2.1 ಉಳಿದರೆ 900 ಗ್ರಾಂ ಮಕ್ಕಳ ಹೊಟ್ಟೆಗೆ, ತಲೆಗೆ 9 ಗ್ರಾಂ. ಎಣ್ಣೆ ಸರಿಯಾಗಿ ಕಾಯದಿದ್ದರೆ ಪೂರಿ ಇನ್ನೂ ಹೆಚ್ಚು ಕುಡಿಯುತ್ತದೆ. ಕರಿದುಳಿದ ಎಣ್ಣೆಯನ್ನು ನಾಳೆಯ ಒಗ್ಗರಣೆಗೆ ಸುರಿಯುವ ಅಭ್ಯಾಸವೇ ಎಲ್ಲಕ್ಕಿಂತ ತೊಂದರೆಯದು. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶಗಳು, 25 ಶೇಕಡಾ ಮೀರಬಾರದೆಂದು 2018ರಿಂದ ನಿಯಮವಿದೆ, ಅಳೆಯುವ ಉಪಕರಣ ನಮ್ಮಲ್ಲಿಲ್ಲ. ಹಾಗಾಗಿ ನೊರೆ ನಿಂತರೆ, ಬೆರಳಿಗೆ ಅಂಟಿದರೆ, ಬಣ್ಣ ಕಪ್ಪಾದರೆ, ಬೇಗ ಹೊಗೆಯಾಡಿದರೆ ಆ ಎಣ್ಣೆ ಮತ್ತೆ ಅಡುಗೆಗಿಲ್ಲ.

ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೇವೆ: ಹಾಜರಿ 10 ಮಕ್ಕಳಿಗೆ ಎಣ್ಣೆ 55 ಮಿಲಿ, ಸಾಂಬಾರಿನ 5 ಲೀಟರಿಗೆ ಉಪ್ಪು 40 ಗ್ರಾಂ. ಹಾಜರಿ ಸಂಖ್ಯೆ ಒಲೆ ಹಚ್ಚುವ ಮುಂಚೆಯೇ ಅಡುಗೆಮನೆಗೆ ಬರಬೇಕು. ಸಂತೆಯ ದಿನ ಹದಿನೈದು ಮಕ್ಕಳು ಕಡಿಮೆಯಿರುವುದು ನಮ್ಮಲ್ಲಿ ಮಾಮೂಲು.