26 ಕೆಜಿ ಅಕ್ಕಿ ಚೀಲ ಕಂಡ್ರ ಸರ್ಕಾರ ಏನ್ ಮಾಡ್ಬೇಕು

ಗಂಗಾವತಿ ಕಡೆ ಕಿರಾಣಿ ಅಂಗ್ಡಿಗೆ ಹೋಗಿ ಸೋನಾ ಮಸೂರಿ ಚೀಲದ ಮ್ಯಾಲಿನ ತೂಕ ಓದ್ರಿ, ಮೊದ್ಲು 25 ಕೆಜಿ ಇರ್ತಿತ್ತು, ಈಗ 26 ಅಂತ ಇರೋವು ಸಿಗ್ತಾವ. ಆ ಒಂದ್ ಕೆಜಿ ಯಾಕ ಬಂತು ಅಂದ್ರ 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿ ತನಕದ ಅಕ್ಕಿಗೆ 5% ಜಿಎಸ್‌ಟಿ ಹಾಕಿದ್ರು, ಅದನ್ನ ದಾಟಿದ್ರ ಇಲ್ಲ. ಚೀಲಕ್ಕ 1500 ರೂಪಾಯಿ ಅಂತ ಹಿಡದ್ರ 75 ರೂಪಾಯಿ ಉಳೀತು. ಇದು ಕಳ್ಳತನ ಅಲ್ರಿ, ಬಿಲ್ ಐತಿ, ತೂಕ ಸರಿ ಐತಿ, ಕಾಯ್ದೆದಾಗ ಬರದಂಗ ನಡಕೊಂಡಾರ.

ಹಂಗಾಗಿ ಮೊದ್ಲ ಕೆಲ್ಸ, ತೆರಿಗಿ ಕದಿಯೋದು, ಕಾಯ್ದೆ ಒಳಗ ತೆರಿಗಿ ಉಳಿಸೋದು, ಈ ಎರಡನ್ನೂ ಬ್ಯಾರೆ ಬ್ಯಾರೆ ಇಡ್ಬೇಕು. ಬಿಲ್ ಇಲ್ದ ಮಾಲು ಕಳಿಸಿದ್ರ, ಸುಳ್ಳು ಬಿಲ್ ಬರದ್ರ ರೇಡ್ ಮಾಡ್ಲಿ, ದಂಡ ಹಾಕ್ಲಿ. ಆದ್ರ 26 ಕೆಜಿ ತುಂಬಿದವನ ಮಿಲ್ ಮುಂದ ಜೀಪ್ ನಿಲ್ಸೋದು ತಪ್ಪು, ತಿದ್ದಬೇಕಾಗಿದ್ದು ಕಾಯ್ದೆ.

ಆಮ್ಯಾಲೆ ತೆರಿಗಿ ಗೆರಿ ಎಲ್ಲಿ ಎಳದೀವಿ ಅಂತ ನೋಡ್ಕೋಬೇಕು, ನನ್ ಪ್ರಕಾರ ಇದೇ ದೊಡ್ಡ ಕೆಲ್ಸ. 2017ರ ಜುಲೈದಾಗ ಜಿಎಸ್‌ಟಿ ಬಂದಾಗ ರಿಜಿಸ್ಟರ್ಡ್ ಬ್ರ್ಯಾಂಡ್ ಅಕ್ಕಿಗೆ ಅಷ್ಟ 5% ಇತ್ತು, ಕೆಲವ್ರು ರಿಜಿಸ್ಟ್ರೇಶನ್ನೇ ತಗಿಸಿಬಿಟ್ರು, ಅದಕ್ಕ ಸೆಪ್ಟೆಂಬರ್‌ದಾಗ ಜಿಎಸ್‌ಟಿ ದರ ನೋಡ್ಕೊಳ್ಳೋ ಕೌನ್ಸಿಲ್ ಕುಂತು ಮೇ 15ಕ್ಕ ರಿಜಿಸ್ಟರ್ ಇದ್ದ ಬ್ರ್ಯಾಂಡ್ ಆಮ್ಯಾಲೆ ತಗಿಸಿದ್ರೂ ತೆರಿಗಿ ಬಿಡಂಗಿಲ್ಲ ಅಂತು, 2022ರಾಗ ಬ್ರ್ಯಾಂಡ್ ಬಿಟ್ಟು ತೂಕ ಹಿಡೀತು, ಚೀಲ 26 ಆತು. ನಾಳೆ 50ಕ್ಕ ಗೆರಿ ಎಳದ್ರ 51ರ ಚೀಲ ಬರ್ತೈತಿ, ಹಮಾಲರ ಬೆನ್ನಿಗೆ ಭಾರ. ಇದ್ರಾಗ ತೆರಿಗಿ ಕಟ್ಟೋರು ಯಾರಂದ್ರ ಒಮ್ಮೆಗೇ 26 ಕೆಜಿಗೆ ರೊಕ್ಕ ಹೊಂದ್ಸಾಕ ಆಗ್ದ 5 ಕೆಜಿ ಪ್ಯಾಕೆಟ್ ಒಯ್ಯೋ ಮನಿಯವ್ರು, ಇದು ನನಗ ಭಾಳ ಸಂಕಟ ಆಗ್ತೈತಿ. ಅಕ್ಕಿಗೆ ತೆರಿಗಿ ಬ್ಯಾಡ ಅಂದ್ರ ಪೂರ್ತಿ ಬಿಡ್ರಿ, ಬೇಕಂದ್ರ ಎಲ್ಲಾ ಚೀಲಕ್ಕೂ ಒಂದೇ ಹಾಕ್ರಿ.

ತಿದ್ದೋದೇನಿದ್ರೂ ಮುಂದಕ್ಕ ಮಾತ್ರ ತಿದ್ಬೇಕು. 2012ರ ಜನವರಿದಾಗ ವೊಡಾಫೋನ್ ಅನ್ನೋ ಮೊಬೈಲ್ ಕಂಪನಿ ಮ್ಯಾಲಿನ ತೆರಿಗಿ ಕೇಸ್ ಸುಪ್ರೀಂ ಕೋರ್ಟ್‌ನಾಗ ಸೋತ ಮ್ಯಾಲೆ ಸರ್ಕಾರ ಅದೇ ವರ್ಷದ ಬಜೆಟ್‌ನಾಗ 1962ರಿಂದ್ಲೇ ಲಾಗೂ ಆಗೋ ಹಂಗ ಕಾಯ್ದೆ ತಿದ್ದಿತು, ಕಡೀಕ 2021ರಾಗ ತಾನೇ ಹಿಂದಕ್ಕ ತಗೊಂಡು ವಸೂಲಿ ಮಾಡಿದ್ದನ್ನ ಬಡ್ಡಿ ಇಲ್ದ ವಾಪಸ್ ಕೊಡೋದಾತು. ನಿನ್ನೆ ಸರಿ ಇದ್ದದ್ದು ಇವತ್ತು ತಪ್ಪು ಅಂದ್ರ ಯಾವ ವ್ಯಾಪಾರಿ ನಂಬ್ತಾನ್ರಿ.

ತೆರಿಗಿ ಉಳಿಸಾಕಂತನ ನಾಕು ಕಾಗದದ ಕಂಪನಿ ಮಾಡೋ ದೊಡ್ಡೋರಿಗೆ ಗಾರ್ (GAAR) ಅಂತ, ಅಂಥ ವ್ಯವಹಾರನ ಒಪ್ಪದ ತೆರಿಗಿ ಹಾಕೋ ನಿಯಮ 2017ರ ಏಪ್ರಿಲ್ 1ರಿಂದ ಐತಿ, ಹಂಗ ಆದ ತೆರಿಗಿ ಲಾಭ 3 ಕೋಟಿ ದಾಟಿದ್ರ ಮಾತ್ರ ಹಚ್ಚಬೋದು. ಆ ಮಿತಿ ಇರ್ಲಿ, ಸಣ್ಣವ್ರ ಮ್ಯಾಲೆ ಅದನ್ನ ಬಿಡೋದು ಬ್ಯಾಡ.

ಇನ್ನೊಂದ್ ಮಾತು, ಹೊಸ ನಿಯಮ ಬರಿಯೋಕಿಂತ ಮುಂಚೆ ಒಂದ್ ದಿನ ಕಾರಟಗಿನೋ ಸಿಂಧನೂರೋ ಬಂದು ಮಿಲ್‌ನ ಮುನೀಮರ ಹತ್ರ ಕುಂತು ಚಾ ಕುಡೀತಾ ಕೇಳ್ರಿ, ಹಿಂಗ್ ಮಾಡಿದ್ರ ನೀವೇನ್ ಮಾಡ್ತೀರಿ ಅಂತ. ಅವ್ರು ಕ್ಯಾಲ್ಕುಲೇಟರ್ ತಗದು ಅಲ್ಲೇ ತೋರಿಸ್ತಾರ.